ಎಳ್ಳ ಅಮಾವಾಸ್ಯೆಯ ಸಮೀಕ್ಷೆ

ಪರಮೇಶನ ಹೊಲದ ಬದುವಿನ ಮೇಲೆ ಕುಳಿತು, ಅಂಬಲಿಯ ಕೊನೆಯ ಗುಟುಕನ್ನು ಗಂಟಲಲ್ಲೇ ತಡೆದು ಹಿಡಿದಿದ್ದ ಅಮರನಾಥನಿಗೆ ತನ್ನ ಹೊಟ್ಟೆ ಇನ್ನು ತನ್ನದಲ್ಲ ಅನ್ನಿಸಿತು. ಅದು ಊರಿನ ಸೊತ್ತಾಗಿಬಿಟ್ಟಿತ್ತು. ಬೆಳಿಗ್ಗೆಯಿಂದ ಒಬ್ಬೊಬ್ಬರಾಗಿ ಬಂದು, ಅವನನ್ನು ಒಂದು ಮಾತೂ ಕೇಳದೆ, ತಮ್ಮ ತಮ್ಮ ಮನೆಯದನ್ನು ಅದರೊಳಗೆ ತುಂಬಿ ಹೋಗುತ್ತಿದ್ದರು. ಎದುರಿಗೆ ಬಿಳಿಜೋಳ ಎದೆಮಟ್ಟ ನಿಂತು ತೂಗುತ್ತಿತ್ತು, ನಡುನಡುವೆ ಕುಸುಬಿಯ ಸಾಲು, ಆಚೆ ಕಡಲೆ. ಎತ್ತ ನೋಡಿದರೂ ಬುತ್ತಿ ಬಿಚ್ಚಿಕೊಂಡು ಕುಳಿತ ಮಂದಿ. ಹೊಸ ಸೀರೆ, ಹಾಸಿದ ಜಮಖಾನೆ, ಜೋಳದ ಮರೆಯಲ್ಲಿ ನಿಲ್ಲಿಸಿದ ಮೋಟರ್‌ಸೈಕಲ್ಲು. ಇಂಥ ಚೆಂದದ ಹೊತ್ತಿನಲ್ಲಿ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಯೊಬ್ಬ ಯೋಚಿಸುತ್ತಿದ್ದದ್ದು ತೇಗಿನ ಬಗ್ಗೆ. ಒಂದೇ ಒಂದು ತೇಗು ಬಂದರೆ ಸಾಕು, ಬದುಕಿಕೊಳ್ಳುತ್ತೇನೆ ಎಂದು ಅವನು ಅಂದುಕೊಂಡ. ಆದರೆ ತೇಗಿನ ಬೆನ್ನಿಗೆ ಬೇರೇನಾದರೂ ಹೊರಟು ಬಂದರೆ ಎಂಬ ಹೆದರಿಕೆಯೂ ಇತ್ತು.

“ಕೇಳ್ರಲ್ಲ ಅಮರಣ್ಣ, ಏನೋ ಕೇಳ್ತೇನಿ ಅಂದ್ರಿ,” ಎಂದ ಪರಮೇಶ, ಮೀಸೆಗೆ ಹತ್ತಿದ ಮಜ್ಜಿಗೆ ಒರೆಸಿಕೊಳ್ಳುತ್ತ. ಅಮರನಾಥ ಫೋನಿನಲ್ಲಿ ಧ್ವನಿಮುದ್ರಣದ ಗುಂಡಿ ಒತ್ತಿ ಜಮಖಾನೆಯ ಮೇಲಿಟ್ಟ. “ನಿಮ್ಮ ಕುಟುಂಬದಾಗ ಒಕ್ಕಲುತನಕ್ಕ ದುಡಿಯೋರು ಯಾರ್ಯಾರು, ಯಾರ ಪಾಲಿಗೆ ಯಾವ ಕೆಲಸ...” ಎಂದು ಶುರು ಮಾಡಿದನೋ ಇಲ್ಲವೋ, ಇಷ್ಟು ಹೊತ್ತು ಕಾಯಿಸಿದ್ದ ತೇಗು ಬಂದೇಬಿಟ್ಟಿತು. ಸಣ್ಣದಲ್ಲ, ಪಕ್ಕದಲ್ಲಿ ಮಲಗಿದ್ದ ನಾಯಿ ಕಿವಿ ನೆಟ್ಟಗೆ ಮಾಡುವಂಥದ್ದು. ಪರಮೇಶನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. “ಇದೂ ರಿಕಾರ್ಡ್ ಆಯ್ತೇನ್ರಿ?” ಎಂದು ಪರಮೇಶ ಬಹಳ ಆಸಕ್ತಿಯಿಂದ ಫೋನಿನ ಕಡೆ ಬಾಗಿ ನೋಡಿದ.

ಉಪಾಯ ಅಮರನಾಥನದೇ ಆಗಿತ್ತು, ಅದೇ ಈಗ ಅವನನ್ನು ಸುಡುತ್ತಿತ್ತು. ‘ಆಳಂದ ತಾಲೂಕಿನ ಗ್ರಾಮಗಳಲ್ಲಿ ಮಾನವ ಹಾಗೂ ನೈಸರ್ಗಿಕ ಸಂಪನ್ಮೂಲಗಳ ನಿರ್ವಹಣೆ’ ಎಂಬ ತನ್ನ ಮಹಾಪ್ರಬಂಧಕ್ಕೆ ಮಂದಿಯನ್ನು ಮಾತಾಡಿಸಲು ಮನೆಮನೆ ಅಲೆದು ಅವನ ಚಪ್ಪಲಿ ಸವೆದಿತ್ತು. ಮನೆಗೆ ಹೋದರೆ ಹೊಲದಲ್ಲಿರುತ್ತಾರೆ, ಹೊಲಕ್ಕೆ ಹೋದರೆ ಆಳಂದದ ಸಂತೆಗೆ ಹೋಗಿರುತ್ತಾರೆ, ಸಂತೆಯಲ್ಲಿ ಸಿಕ್ಕರೆ ಆಮೇಲೆ ಮಾತಾಡೋಣ ಎನ್ನುತ್ತಾರೆ. ಹೀಗಿರುವಾಗ ವರ್ಷಕ್ಕೊಮ್ಮೆ ಎಳ್ಳ ಅಮಾವಾಸ್ಯೆಯ ದಿನ ಮಾತ್ರ ಇಡೀ ಊರು ತನ್ನ ತನ್ನ ಹೊಲದಲ್ಲಿ ಕಾಲು ಮಡಚಿಕೊಂಡು ಕುಳಿತಿರುತ್ತದೆಯಲ್ಲ! ಮಾನವ ಸಂಪನ್ಮೂಲವೂ ನೈಸರ್ಗಿಕ ಸಂಪನ್ಮೂಲವೂ ಒಂದೇ ಕಡೆ, ಹೊಸ ಬಟ್ಟೆ ಹಾಕಿಕೊಂಡು. ಈ ವಿಚಾರ ಹೊಳೆದ ದಿನ ಅವನು ಹಾಸ್ಟೆಲ್ಲಿನ ಕನ್ನಡಿಯಲ್ಲಿ ತನ್ನನ್ನೇ ಸ್ವಲ್ಪ ಹೊತ್ತು ಗೌರವದಿಂದ ನೋಡಿಕೊಂಡಿದ್ದ. ಮಾರ್ಗದರ್ಶಕಿ ಖುರ್ಷಿದ ಮೇಡಂ ಜೇವರ್ಗಿ ಕಡೆಯವರು, ಹೊಲ ಕಂಡವರು. ಅವರು ಕನ್ನಡಕದ ಮೇಲಿನಿಂದ ಅವನನ್ನು ನೋಡಿ, “ಅಲ್ಲಪ್ಪಾ, ಆ ದಿನ ಉಣ್ಣಾಕ ಕರೀತಾರಲ್ಲ, ಏನ್ ಮಾಡ್ತಿ?” ಎಂದು ಕೇಳಿದ್ದರು. “ಬ್ಯಾಡಂದ್ರ ಮುಗೀತ್ರಿ ಮೇಡಂ,” ಎಂದಿದ್ದ ಅವನು. ಮೇಡಂ ಆಗ ಕಿಟಕಿಯ ಹೊರಗೆ ನೋಡಿದ್ದರು. ಆ ನೋಟದ ಅರ್ಥ ಪರಮೇಶನ ಬದುವಿನ ಮೇಲೆ ಅವನಿಗೆ ತಡವಾಗಿ ತಿಳಿಯಿತು.

ಅದಕ್ಕಿಂತ ಚುಚ್ಚಿದ್ದು ಅವರ ಇನ್ನೊಂದು ಮಾತು. ಅವನು ಅಲ್ಲಿಯವರೆಗೆ ಕೂಡಿಹಾಕಿದ್ದ ಸಂದರ್ಶನಗಳನ್ನೆಲ್ಲ ಕೇಳಿ ಮುಗಿಸಿ, ಕಿವಿಯಿಂದ ತಂತಿ ತೆಗೆದು, “ಅಮರನಾಥ, ಇದ್ರಾಗ ಊರೆಲ್ಲದ? ಇವ್ರೆಲ್ಲಾ ನಿಮ್ಮ ಬೀಗರಿದ್ದಂಗ ಕಾಣ್ತಾರ. ನಾಲಾದ ಆಕಡಿ ಮಂದಿ ನೀರು ಕುಡಿಯಂಗಿಲ್ಲೇನು, ಭೂಮಿ ಉಳಂಗಿಲ್ಲೇನು? ಅವ್ರ ಮಾತು ಬರೋತನ ನಾ ಸಹಿ ಮಾಡಂಗಿಲ್ಲ,” ಎಂದಿದ್ದರು. ಅವನು ಕೂಡಲೇ, ನಾಲೆಗೆ ನೀರು ಬಂದಿತ್ತು, ದಾರಿ ಇರಲಿಲ್ಲ ಎಂದ. ಯಾವ ತಿಂಗಳು ಎಂದು ಕೇಳಿದರು. ಏಪ್ರಿಲ್ ಎಂದ. ಏಪ್ರಿಲ್‌ನಲ್ಲಿ ಮಳೆಗಾಲದಲ್ಲಷ್ಟೇ ಹರಿಯುವ ಆಳಂದದ ನಾಲೆಯಲ್ಲಿ ನೀರು! ಮೇಡಂ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಅದೇ ಪ್ರಬಂಧದಲ್ಲಿ ಕಾಯಕ, ದಾಸೋಹ ಎಂದು ಒಂದು ಇಡೀ ಅಧ್ಯಾಯವನ್ನೇ ಅವನು ಬರೆದಿದ್ದ, ಎಲ್ಲರೂ ದುಡಿದು ಎಲ್ಲರೂ ಕೂಡಿ ಉಣ್ಣುವುದೇ ಸಂಪನ್ಮೂಲ ನಿರ್ವಹಣೆಯ ಉತ್ತಮ ಮಾದರಿ ಎಂದು. ಬರೆಯುವಾಗ ಕಣ್ಣು ಒದ್ದೆಯಾಗಿತ್ತು ಕೂಡ. ನಾಲೆ ಮಾತ್ರ ದಾಟಿರಲಿಲ್ಲ. ಆದ್ದರಿಂದ ಇವತ್ತು ನಾಲೆಯಾಚೆಯ ಕೇರಿಯ ಹುಲೆಪ್ಪನ ಮಾತು ಅವನಿಗೆ ಬೇಕೇ ಬೇಕಿತ್ತು. ಅದಿಲ್ಲದೆ ಮೇಡಂ ಸಹಿ ಇಲ್ಲ, ಸಹಿ ಇಲ್ಲದೆ ಪದವಿ ಇಲ್ಲ, ಪದವಿ ಬಂದರೆ ಜಿಡಗಾ ಮಠದಲ್ಲಿ ಪ್ರಸಾದ ಮಾಡಿಸುತ್ತೇನೆಂದು ಅವ್ವ ಹೊತ್ತ ಹರಕೆಯೂ ತೀರುವುದಿಲ್ಲ.

ಹಾಗಿದ್ದ ಮೇಲೆ ನೇರ ಅಲ್ಲಿಗೇ ಹೋಗಬೇಕಿತ್ತು, ಖಾಲಿ ಹೊಟ್ಟೆಯಲ್ಲಿ. ಆದರೆ ಸಂಶೋಧಕನಾದವನು ಕ್ರಮ ತಪ್ಪಬಾರದು, ಹತ್ತಿರದಿಂದ ದೂರಕ್ಕೆ ಹೋಗಬೇಕು ಎಂದು ತನಗೆ ತಾನೇ ಹೇಳಿಕೊಂಡ. ಹತ್ತಿರದ್ದೆಂದರೆ ಸ್ವಂತ ಹೊಲ. ಅಲ್ಲಿ ಅವ್ವ ಶಿವಕಾಂತಾ ಬುಟ್ಟಿ ಇಳಿಸಿ, ಐದು ಕಲ್ಲು ಪೂಜೆ ಮಾಡಿ, ಅಪ್ಪ ದೌಲತರಾಯ ಹೊಲದ ಸುತ್ತ ಭೂತಾಯಿಯ ಪಾಲಿನ ಚರಗ ಚೆಲ್ಲಿ ಬರುವವರೆಗೆ ಕಾಯಿಸಿ, ಆಮೇಲೆ ಬಡಿಸಲು ಕುಳಿತಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಸಿ ಕಾಳೆಲ್ಲ ಕೂಡಿಸಿ ಕುದಿಸಿದ ಭಜ್ಜಿ, ಕಡುಬು, ಶೇಂಗಾ ಹೋಳಿಗೆ. ಒಂದೇ ರೊಟ್ಟಿ ಸಾಕು ಎಂದರೆ, “ಮಂದಿ ಹೊಲಾ ತಿರಗ್ಯಾಡಿ ಉಣ್ಣಾಂವ ಮನ್ಯಾಗ ಉಣ್ಣಲಿಲ್ಲಂದ್ರ ನನ್ನ ಅಡಗಿ ಬರೋಬರಿಲ್ಲ ಅಂತಾರ. ಬಾಯಿ ತೆಗಿ,” ಎಂದಳು. ಅವನ ವಯಸ್ಸಿನ ಗಂಡಸಿಗೆ ಬಾಯಿ ತೆಗಿ ಎನ್ನುತ್ತಾರೆಯೆ? ತೆಗೆದ. ಅಲ್ಲಿಂದ ಜೈತುನಬಿಯ ಹೊಲ. ಆ ಮುದುಕಿ ಇನ್ನೂ ಕಟ್ಟುನಿಟ್ಟು. “ಉಣ್ಣಲಾರದ ಬಾಯಿಗೆ ನಾ ಜವಾಬ ಕೊಡಂಗಿಲ್ಲ ಬೇಟಾ,” ಎಂದು ಕೈಯಲ್ಲಿ ಕಡುಬು ಹಿಡಿದು ಕುಳಿತುಬಿಟ್ಟಳು. ಬಾವಿ ನೀರಿನ ಪಾಳಿ ಹೇಗೆ ಎಂದು ಕೇಳಿದರೆ ಒಂದು ಕಡುಬು. ಕಳೆ ಕೀಳಲು ಯಾರು ಬರುತ್ತಾರೆ ಎಂದು ಕೇಳಿದರೆ ಇನ್ನೊಂದು. ಪ್ರಶ್ನೆ ಕಡಿಮೆ ಮಾಡೋಣವೆಂದರೆ ಸಂಶೋಧನೆ ಹಾಳು, ಮಾಡದಿದ್ದರೆ ಸಂಶೋಧಕ ಹಾಳು. ಅವನು ಸಂಶೋಧನೆಯ ಕಡೆ ನಿಂತ. ಹಾಗೆ ನಿಂತೇ ಪರಮೇಶನ ಹೊಲದ ಅಂಬಲಿಯವರೆಗೆ ಬಂದು ಮುಟ್ಟಿದ್ದ.

ಈಗ ಅವನು ಎದ್ದ. ಎದ್ದ ಎನ್ನುವುದಕ್ಕಿಂತ ಪರಮೇಶ ಎಬ್ಬಿಸಿ ನಿಲ್ಲಿಸಿದ. ನಾಲೆಯ ಕಡೆ ಇಳಿಯುವ ಕಾಲುದಾರಿಯಲ್ಲಿ ಒಂದು ಕೈ ಹೊಟ್ಟೆಯ ಕೆಳಗಿಟ್ಟು, ತುಂಬಿದ ಕೊಡ ಹೊತ್ತವನಂತೆ ಹೆಜ್ಜೆ ಹಾಕಿದ. ಬೆಲ್ಟನ್ನು ಜೈತುನಬಿಯ ಹೊಲದಲ್ಲೇ ಸಡಿಲಿಸಿದ್ದ, ಈಗ ಬಿಚ್ಚಿ ಚೀಲಕ್ಕೆ ತುರುಕಿದ. ಧಾರಣ ಸಾಮರ್ಥ್ಯ ಎಂಬ ಒಂದು ಮಾತು ಅವನ ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಬರುತ್ತದೆ. ಒಂದು ಭೂಮಿ ಎಷ್ಟು ದನಗಳನ್ನು, ಎಷ್ಟು ಮಂದಿಯನ್ನು ತಾಳಿಕೊಳ್ಳಬಲ್ಲದು ಎಂಬ ಲೆಕ್ಕ. ಅದನ್ನು ಅವನು ಬೇರೆ ಎಲ್ಲಿಂದಲೋ ಎತ್ತಿ ಬರೆದಿದ್ದ, ಅರ್ಥವಾಗಿರಲಿಲ್ಲ. ಈಗ ಅರ್ಥವಾಯಿತು. ಅರ್ಥವಾದದ್ದನ್ನು ಹೊತ್ತುಕೊಂಡೇ ಒಣ ನಾಲೆ ದಾಟಿದ. ಕಾಲಿಗೆ ಉಸುಕು ಹತ್ತಿತು, ನೀರಿನ ಹನಿ ಹತ್ತಲಿಲ್ಲ. ಏಪ್ರಿಲ್, ಏಪ್ರಿಲ್ ಎಂದು ಒಳಗೆ ಯಾರೋ ಅಣಕಿಸಿದರು. ಅವನಿಗೆ ನಾಚಿಕೆಯಾಯಿತು, ನಾಚಿಕೆಗೂ ಒಳಗೆ ಜಾಗವಿರಲಿಲ್ಲ.

ಹುಲೆಪ್ಪನ ಹೊಲ ಸಣ್ಣದು, ಅಚ್ಚುಕಟ್ಟು. ಬೇವಿನ ನೆರಳಲ್ಲಿ ಹುಲೆಪ್ಪ, ಅವನ ಹೆಂಡತಿ ರುಕ್ಮಿಣಿಬಾಯಿ, ಮಗಳು ಮೈತ್ರಿ ಆಗಷ್ಟೇ ಬುತ್ತಿ ಬಿಚ್ಚುತ್ತಿದ್ದರು. ಮೈತ್ರಿಯನ್ನು ಅಲ್ಲಿ ಕಂಡು ಅಮರನಾಥ ಬೆಲ್ಟಿಲ್ಲದ ಸೊಂಟದ ಮೇಲೆ ಅಂಗಿ ಎಳೆದುಕೊಂಡ. ಅವಳು ಕಲಬುರಗಿಯಲ್ಲಿ ಅವನದೇ ವಿಭಾಗದಲ್ಲಿ ಎಂ.ಎ. ಓದುತ್ತಿದ್ದಳು. ಹೋದ ತಿಂಗಳು ಅವನು ವಿಚಾರಗೋಷ್ಠಿಯಲ್ಲಿ ‘ಮಾನವ ಸಂಪನ್ಮೂಲವೆಂದರೆ ಕೇವಲ ಕೈಗಳಲ್ಲ, ಅದು ಹೃದಯ’ ಎಂದು ದನಿಯೇರಿಸಿ ಓದುವಾಗ ಎರಡನೆಯ ಸಾಲಿನಲ್ಲಿ ಕುಳಿತು ಪೆನ್ನು ಕಚ್ಚುತ್ತಿದ್ದವಳು ಇವಳೇ. “ಬರ್ರಿ ಸರ್, ನಾಲಾದಾಗ ನೀರ ಭಾಳ ಇತ್ತೇನ್ರಿ?” ಎಂದಳು. ಮೇಡಂ ಹೇಳಿರಬೇಕು. ಮೇಡಂ ಎಲ್ಲರಿಗೂ ಹೇಳಿರಬೇಕು.

“ಬರ್ರಿ ಸಣ್ಣ ಗೌಡ್ರ, ಬರ್ರಿ,” ಎಂದು ಹುಲೆಪ್ಪ ಎದ್ದು ನಿಂತ. ಅಪ್ಪನಿಗಿಂತ ಹಿರಿಯ, ತಲೆ ಪೂರಾ ಬೆಳ್ಳಗಾದವನು, ತನಗೆ ಬಹುವಚನ ಹಾಕಿ ಎದ್ದು ನಿಂತದ್ದು ಅಮರನಾಥನಿಗೆ ಮುಜುಗರವಾಯಿತು. “ಕುಂದ್ರಿ ಕಾಕಾ, ನೀವ್ಯಾಕ ಏಳ್ತೀರಿ,” ಎಂದ. ಕಾಕಾ ಎಂಬ ಮಾತು ಬಾಯಿಗೆ ಹೊಸದು, ಹೊಸ ಚಪ್ಪಲಿಯಂತೆ ಸ್ವಲ್ಪ ಕಚ್ಚಿತು. ಏನಾದರೂ ಮಾತಾಡಬೇಕಲ್ಲ ಎಂದು, “ನೀವೂ ಅಮಾಸಿ ಮಾಡ್ತೀರೇನ್ರಿ? ಬುದ್ಧ ಧಮ್ಮ ತಗೊಂಡೀರಿ ಅಂತ ಕೇಳಿದ್ದೆ,” ಎಂದುಬಿಟ್ಟ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡ. ಹುಲೆಪ್ಪ ಗಂಭೀರವಾಗಿ, “ಪೂಜಿ ಬಿಟ್ಟೇವ್ರಿ. ಭಜ್ಜಿ ಬಿಟ್ಟಿಲ್ಲ,” ಎಂದ.

ಅಷ್ಟರಲ್ಲಿ ರುಕ್ಮಿಣಿಬಾಯಿ ತಾಟು ತೊಳೆದು, ಒರೆಸಿ, ಅವನ ಮುಂದಿಟ್ಟಳು. ಅವರ ಮೂವರ ತಾಟಿಗಿಂತ ಅದು ದೊಡ್ಡದಿತ್ತು, ಹೊಸದಿತ್ತು. ಅದಕ್ಕೆ ಅಂಟಿಸಿದ್ದ ಅಂಗಡಿಯ ಚೀಟಿಯ ಗುರುತು ಇನ್ನೂ ಹೋಗಿರಲಿಲ್ಲ. ಭಜ್ಜಿಯ ಪಾತ್ರೆಯ ಮುಚ್ಚಳ ತೆಗೆದಾಗ ಎದ್ದ ಹಬೆ ಮುಖಕ್ಕೆ ಬಡಿಯಿತು. ಯಾವ ದಿನವಾದರೂ ಬಾಯಲ್ಲಿ ನೀರೂರಿಸುವ ವಾಸನೆ. ಇವತ್ತು ಅದು ನೇರ ಹೊಟ್ಟೆಗೆ ಇಳಿದು, ಅಲ್ಲಿ ಸಂದಣಿಯಲ್ಲಿ ನಿಂತಿದ್ದ ಕಡುಬುಗಳನ್ನೂ ಹೋಳಿಗೆಗಳನ್ನೂ ಎಬ್ಬಿಸಿತು. ಅವನು ಎರಡು ಹೆಜ್ಜೆ ಹಿಂದೆ ಸರಿದು, ಬದುವಿನ ಮೇಲೆ ನಿಂತು, ಹೊಟ್ಟೆಯನ್ನು ಅಂಗೈಯಿಂದ ಮೆಲ್ಲಗೆ ತಟ್ಟಿಕೊಂಡು, “ಬ್ಯಾಡ್ರಿ ಕಾಕಿ, ಹೊಟ್ಟಿ ತುಂಬ್ಯಾದ,” ಎಂದ.

ರುಕ್ಮಿಣಿಬಾಯಿಯ ಕೈಯಲ್ಲಿದ್ದ ಸೌಟು ಪಾತ್ರೆಗೆ ಮರಳಿತು. ತಾನು ಆಡಿದ ದನಿ ತನ್ನದಲ್ಲವೆಂದು ಅಮರನಾಥನಿಗೆ ಆಮೇಲೆ ಹೊಳೆಯಿತು, ಹೊಟ್ಟೆ ತಟ್ಟಿದ ಕೈಯೂ ತನ್ನದಲ್ಲ. ಆರೋ ಏಳೋ ವರ್ಷದವನಿದ್ದಾಗ ಅಪ್ಪನ ಬೆರಳು ಹಿಡಿದು ಇಂಥದೇ ಅಮಾವಾಸ್ಯೆಗೆ ಹೊಲಹೊಲ ತಿರುಗುತ್ತಿದ್ದ. ಊರ ದೊಡ್ಡ ಮನುಷ್ಯ ಬಂದರೆಂದು ಎಲ್ಲರೂ ಕರೆಯುವರು, ಅಪ್ಪ ಎಲ್ಲ ಕಡೆ ಕುಳಿತು ಒಂದು ತುತ್ತು ಬಾಯಿಗೆ ಹಾಕುವರು. ನಾಲೆಯ ಈಚೆ ಬಂದಾಗ ಮಾತ್ರ ಬದುವಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ಕೈಯಿಂದ ಹೊಟ್ಟೆ ತಟ್ಟಿಕೊಂಡು, ನಗುನಗುತ್ತ, ಎಷ್ಟು ಪ್ರೀತಿಯಿಂದ ಹೇಳುತ್ತಿದ್ದರು, ಹೊಟ್ಟಿ ತುಂಬ್ಯಾದಲೇ ಹುಲೆಪ್ಪ ಎಂದು! ಬಸವ ಜಯಂತಿಯ ದಿನ ಇದೇ ಅಪ್ಪ ಮೈಕಿನ ಮುಂದೆ ನಿಂತು ದಾಸೋಹದ ಬಗ್ಗೆ ಮಾತಾಡಿದರೆ ಜನ ಚಪ್ಪಾಳೆ ತಟ್ಟುತ್ತಿದ್ದರು, ಹುಲೆಪ್ಪನೂ ತಟ್ಟುತ್ತಿದ್ದ. ಅಪ್ಪ ಸುಳ್ಳು ಹೇಳುತ್ತಿದ್ದರು. ತಾನು ನಿಜ ಹೇಳುತ್ತಿದ್ದೇನೆ, ದೇವರಾಣೆ ನಿಜ, ಬೇಕಾದರೆ ಹೊಟ್ಟೆ ಮುಟ್ಟಿ ನೋಡಿ ಎಂದು ಕೂಗಬೇಕೆನ್ನಿಸಿತು ಅವನಿಗೆ. ಆದರೆ ಆ ನಿಜಕ್ಕೂ ಆ ಸುಳ್ಳಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಸಂದರ್ಶನ, ಸಹಿ, ಪದವಿ ಎಲ್ಲ ದೂರ ಹೋದವು. ಈ ಮೂವರು ತನ್ನನ್ನು ಅಪ್ಪನ ಮಗ ಎಂದುಕೊಂಡೇ ಸಾಯುತ್ತಾರಲ್ಲ ಎಂಬ ಸಂಕಟವೊಂದೇ ಉಳಿಯಿತು.

“ತುಂಬಿರ್ತದ ಬಿಡ್ರಿ,” ಎಂದ ಹುಲೆಪ್ಪ, ಕೋಪವೇನೂ ಇಲ್ಲದೆ. “ನಿಮ್ಮಪ್ಪಗೂ ಹಂಗ. ಅವ್ರಿಗಿ ಮುಂಜಾನಿ ಎದ್ದಕೂಡ್ಲೆನೂ ತುಂಬಿರ್ತಿತ್ತು. ನೀವು ಅಲ್ಲೇ ನಿಂತು ಕೇಳ್ರಿ, ನಾ ಹೇಳ್ತೇನಿ.” ಮೈತ್ರಿ ಅವನ ಕೈಯಿಂದ ಫೋನು ತೆಗೆದುಕೊಂಡು ತಾನೇ ಗುಂಡಿ ಒತ್ತಿದಳು. “ಚಾಲೂ ಅದ ಸರ್, ಕೇಳ್ರಿ,” ಎಂದಳು.

ಅವನು ಕೇಳಲಿಲ್ಲ. ಬದುವಿನಿಂದ ಇಳಿದು ಬಂದು ತಾಟಿನ ಮುಂದೆ ಕುಳಿತ, ಕುಳಿತಾಗ ಪ್ಯಾಂಟಿನ ಗುಂಡಿ ಹಾರಿ ಜೋಳದೊಳಗೆ ಎಲ್ಲಿಗೋ ಹೋಯಿತು. “ನೀಡ್ರಿ ಕಾಕಿ,” ಎಂದ. “ಅಯ್ಯ, ತುಂಬ್ಯಾದಂದ್ರಿ?” “ಇಲ್ರಿ, ಖಾಲಿ ಅದ.” ಈಗ ಅವನೂ ಸುಳ್ಳು ಹೇಳಿದ್ದ, ಅದರಿಂದ ಒಂದು ಬಗೆಯ ಸಮಾಧಾನವೇ ಆಯಿತು. ಮೊದಲ ತುತ್ತು ಹೋಯಿತು. ಎರಡನೆಯದನ್ನು ನೀರು ಕುಡಿದು ತಳ್ಳಿದ. ಮೂರನೆಯದು ಹೋಗುವಾಗ ಕಣ್ಣಲ್ಲಿ ನೀರು ಬಂತು. “ಖಾರ ಆಯ್ತೇನ್ರಿ?” ಎಂದಳು ರುಕ್ಮಿಣಿಬಾಯಿ. ಇಲ್ಲ ಎಂದು ತಲೆಯಾಡಿಸಿದ, ಬಾಯಿ ತೆರೆಯುವ ಧೈರ್ಯವಿರಲಿಲ್ಲ. ಹಣೆಯ ಮೇಲೆ ಬೆವರು ಸಾಲುಗಟ್ಟಿತು. ರೊಟ್ಟಿಯ ಮೇಲಿನ ಎಳ್ಳು ಒಂದೊಂದೂ ಕಲ್ಲಿನಷ್ಟು ತೂಕವಾಗಿತ್ತು. ಇದು ಒಳಗೆ ಉಳಿಯಲೇಬೇಕು ಎಂದು ಅವನು ಹೊಟ್ಟೆಗೆ ಹೇಳಿದ, ಅಂಗಲಾಚಿದ, ಬೈದ. ಇವತ್ತೊಂದು ದಿನ ನನ್ನ ಮಾನ ಕಾಯಿ ಮಾರಾಯ, ಏನನ್ನು ಬೇಕಾದರೂ ಹೊರಹಾಕು, ಇವರದನ್ನು ಮಾತ್ರ ಹಾಕಬೇಡ.

ರೊಟ್ಟಿ ಮುಗಿಯಿತು. ಮುಗಿದದ್ದಕ್ಕೆ ಸಂತೋಷಪಟ್ಟು ರುಕ್ಮಿಣಿಬಾಯಿ ಒಂದು ಕಡುಬು ಹಾಕಿದಳು. ಅದನ್ನು ನೋಡಿದ್ದಷ್ಟೇ ನೆನಪು. ಮರುಕ್ಷಣ ಅವನು ಎದ್ದು, ಬಿದ್ದು, ಒಂದು ಕೈಯಲ್ಲಿ ಪ್ಯಾಂಟು ಇನ್ನೊಂದರಲ್ಲಿ ಬಾಯಿ ಹಿಡಿದುಕೊಂಡು ಜಾಲಿ ಕಂಟಿಯ ಹಿಂದೆ ಓಡಿದ್ದ. ಅಲ್ಲಿ ನಡೆದದ್ದು ಸಣ್ಣ ಸದ್ದಿನಲ್ಲಿ ನಡೆಯಲಿಲ್ಲ. ಕಡಲೆಯಲ್ಲಿ ಕುಳಿತಿದ್ದ ಹಕ್ಕಿಗಳ ಹಿಂಡೊಂದು ಹಾರಿಹೋಯಿತು. ಫೋನು ಚಾಲೂ ಇದೆ, ಮೇಡಂ ಇದನ್ನೂ ತಂತಿ ಹಾಕಿಕೊಂಡು ಕೇಳುತ್ತಾರೆ ಎಂದು ನಡುವೆ ಒಮ್ಮೆ ನೆನಪಾಗಿ ಇನ್ನಷ್ಟು ಬಂತು.

ಎಲ್ಲ ಮುಗಿದ ಮೇಲೆ ಅವನು ಮೊಣಕಾಲ ಮೇಲೆ ಹಾಗೆಯೇ ಕುಳಿತಿದ್ದ. ತಿರುಗಿ ನೋಡುವ ಮುಖವಿರಲಿಲ್ಲ. ಗೌಡರ ಮಗ ನಮ್ಮದನ್ನು ಉಂಡು ಕಾರಿಕೊಂಡ. ಬದುವಿನ ಮೇಲೆ ನಿಂತೇ ಹೋಗಿದ್ದರೆ ಇದಕ್ಕಿಂತ ಸಣ್ಣ ಅವಮಾನವಾಗುತ್ತಿತ್ತು. ಅಪ್ಪ ಎಷ್ಟೋ ವರ್ಷ ಹೇಳದೆ ಹೇಳಿದ್ದನ್ನು ತಾನು ಒಂದೇ ಸಲಕ್ಕೆ, ಅದೂ ಇಷ್ಟು ದೊಡ್ಡ ದನಿಯಲ್ಲಿ ಹೇಳಿದಂತಾಯಿತಲ್ಲ ಎಂದು ಅವನಿಗೆ ಅಳು ಬಂತು. ಬೆನ್ನ ಹಿಂದೆ ಬಳೆಯ ಸದ್ದಾಯಿತು. ರುಕ್ಮಿಣಿಬಾಯಿ ತಂಬಿಗೆಯಿಂದ ಅವನ ಕೈಗೆ ನೀರು ಸುರಿದಳು, ಮುಖ ತೊಳೆಸಿದಳು, ಬೆನ್ನು ತಟ್ಟಿದಳು. ಆಮೇಲೆ ಕಂಟಿಯ ಬುಡದ ಕಡೆ ಬಾಗಿ ಒಂದು ಸಲ ನೋಡಿದಳು. ಅವನೂ ನೋಡಿದ. ಈಗಷ್ಟೇ ಉಂಡ ರೊಟ್ಟಿಯ ಎಳ್ಳು ಎಲ್ಲಕ್ಕಿಂತ ಮೇಲೆ ಬಿಸಿಲಿಗೆ ಹೊಳೆಯುತ್ತಿತ್ತು.

“ಇದು ನಮ್ಮದಲ್ಲ,” ಎಂದಳು ರುಕ್ಮಿಣಿಬಾಯಿ.

“ಕಾಕಿ, ಅದು...”

“ನಮ್ಮದಲ್ಲಂದ್ರ ನಮ್ಮದಲ್ಲ. ಪರಮೇಶನ ಮನೀ ಅಂಬ್ಲಿ ಇದು. ಆಕಿ ಮಜ್ಜಿಗಿ ಹುಳಿ ಬರೋತನ ಇಟ್ಟಿರ್ತಾಳ, ನನಗ ಗೊತ್ತಿಲ್ಲೇನು. ನಮ್ಮ ರೊಟ್ಟಿ ತಳಕ್ಕ ಹೋಗಿ ಕುಂತದ.”

“ಪರಮೇಶಂದೇ ಅದ,” ಎಂದು ಬೇವಿನ ಕೆಳಗಿನಿಂದ, ಏನೂ ಕಾಣದ ಜಾಗದಿಂದ, ಹುಲೆಪ್ಪ ಕೂಗಿ ಹೇಳಿದ. “ವಾಸನಿ ಇಲ್ಲೀತನ ಬಂತು.” ಮೈತ್ರಿ ಜೋಳದ ಕಡೆ ಮುಖ ತಿರುಗಿಸಿಕೊಂಡಿದ್ದಳು, ಅವಳ ಭುಜ ಮಾತ್ರ ಕುಣಿಯುತ್ತಿತ್ತು.

ಗಂಡ ಹೆಂಡತಿ ಇಬ್ಬರೂ ಸುಳ್ಳು ಹೇಳುತ್ತಿದ್ದರು, ಮೂವರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅಮರನಾಥನಿಗೆ ತಡೆಯಲಾಗಲಿಲ್ಲ, ಮೂಗು ಸೊರ್ರೆನ್ನಿಸುತ್ತ ಸಣ್ಣ ಮಕ್ಕಳಂತೆ ಅತ್ತುಬಿಟ್ಟ. ರುಕ್ಮಿಣಿಬಾಯಿ ಅದನ್ನು ಗಮನಕ್ಕೇ ತಂದುಕೊಳ್ಳದೆ ಅವನ ರೆಟ್ಟೆ ಹಿಡಿದು ಎಬ್ಬಿಸಿದಳು. “ಏಳು. ಈಗ ಬರೋಬರಿ ಖಾಲಿ ಆಯ್ತಲ್ಲ? ಬಾ, ಕುಂದ್ರು,” ಎಂದಳು. ಗೌಡ್ರ ಎನ್ನಲಿಲ್ಲ. ಕುಂದ್ರಿ ಎನ್ನಲಿಲ್ಲ.

ಕುಳಿತ. ಮೈತ್ರಿ ತನ್ನ ಓಢಣಿಯ ಪಿನ್ನು ತೆಗೆದು ಅವನ ಕಡೆ ಚಾಚಿದಳು, ಅದರಿಂದ ಪ್ಯಾಂಟು ಬಿಗಿದುಕೊಂಡ. ರೊಟ್ಟಿ ಬಂತು, ಬಿಸಿ ಹೋದ ಭಜ್ಜಿ ಬಂತು. ಹೆದರುತ್ತಲೇ ಒಂದು ತುತ್ತು ಬಾಯಿಗಿಟ್ಟು ಸ್ವಲ್ಪ ಹೊತ್ತು ಕಾದ. ಏನೂ ಆಗಲಿಲ್ಲ. ಮೆಂತ್ಯೆ, ಹಸಿ ತೊಗರಿ, ಬದನೆಕಾಯಿ, ಎಳೆ ಕಡಲೆ ಒಂದೊಂದಾಗಿ ನಾಲಿಗೆಗೆ ಗೊತ್ತಾದವು. ಆಗ ಅವನಿಗೆ ಬಹಳ ಆಶ್ಚರ್ಯದ ಒಂದು ಸಂಗತಿ ತಿಳಿಯಿತು: ಅವನಿಗೆ ಹಸಿವಾಗಿತ್ತು. ಬೆಳಿಗ್ಗೆಯಿಂದ ಇಷ್ಟು ಉಂಡರೂ ಹಸಿದು ಉಂಡದ್ದು ಇದೇ ಮೊದಲು. ಹುಲೆಪ್ಪ ತಾನೂ ಉಣ್ಣುತ್ತ, ಅವನು ಕೇಳದಿದ್ದರೂ ಹೇಳುತ್ತ ಹೋದ. ನಾಲೆಯ ನೀರು ಹರಿಯುವ ದಿನಗಳಲ್ಲಿ ಯಾರು ಮೊದಲು ಪಂಪು ಇಳಿಸುತ್ತಾರೆ, ತಮ್ಮ ಪಾಳಿ ಬರುವಾಗ ಏನು ಉಳಿದಿರುತ್ತದೆ, ರುಕ್ಮಿಣಿಬಾಯಿ ಯಾರ್‍ಯಾರ ಹೊಲದಲ್ಲಿ ಕಳೆ ಕಿತ್ತಿದ್ದಾಳೆ. ಯಾರ್‍ಯಾರ ಎಂಬುದರಲ್ಲಿ ದೌಲತರಾಯನ ಹೆಸರೂ ಬಂತು, ಬಂದು ಹೋಯಿತು. ಫೋನು ಕೇಳಿಸಿಕೊಳ್ಳುತ್ತಿತ್ತು. ಅಮರನಾಥನೂ ಕೇಳಿಸಿಕೊಳ್ಳುತ್ತಿದ್ದ, ಹಿಂದೆ ಯಾವ ಸಂದರ್ಶನದಲ್ಲೂ ಹೀಗೆ ಕೇಳಿಸಿಕೊಂಡಿರಲಿಲ್ಲ. ತಾಟು ಖಾಲಿಯಾಯಿತು. ರುಕ್ಮಿಣಿಬಾಯಿ ಈ ಸಲ ತಾನಾಗಿ ಬಡಿಸಲಿಲ್ಲ. ಬುತ್ತಿಯ ಬಟ್ಟೆಯಲ್ಲಿ ಇನ್ನೂ ರೊಟ್ಟಿಗಳಿದ್ದವು, ಅವಳ ಕೈ ಅದರ ಮೇಲೇ ಇತ್ತು.

ತನ್ನ ಮನೆಯವರು ಈ ಮನೆಯವರನ್ನು ಆಳು ಕೇಳಿದ್ದಾರೆ, ಎತ್ತು ಕೇಳಿದ್ದಾರೆ, ಓಟು ಕೇಳಿದ್ದಾರೆ. ರೊಟ್ಟಿ ಕೇಳಿದ್ದು ಅವನಿಗೆ ನೆನಪಿರಲಿಲ್ಲ.

“ಕಾಕಿ,” ಎಂದ ಮೆಲ್ಲಗೆ, “ಇನ್ನೊಂದ ರೊಟ್ಟಿ ಕೊಡ್ರಿ.”

“ಏನಂದಿ?” ಎಂದಳು ರುಕ್ಮಿಣಿಬಾಯಿ. ಅವಳಿಗೆ ಚೆನ್ನಾಗಿ ಕೇಳಿಸಿತ್ತು. ಹುಲೆಪ್ಪ ಅಗಿಯುವುದನ್ನು ನಿಲ್ಲಿಸಿ ಹೆಂಡತಿಯ ಮುಖ ನೋಡಿದ.

“ಇನ್ನೊಂದ ರೊಟ್ಟಿ ಕೊಡ್ರಿ ಕಾಕಿ!” ಎಂದ ಅಮರನಾಥ, ನಾಲೆಯಾಚೆ ಬದುವಿನ ಮೇಲೆ ಕುಳಿತಿದ್ದವರೆಲ್ಲ ಎದ್ದು ನಿಂತು ಈ ಕಡೆ ನೋಡುವಷ್ಟು ಗಟ್ಟಿಯಾಗಿ.